ಉಡುಪಿಯಿಂದ ಥಾರ್‌ಗೆ: ಮರಳಿನ ಫೋಟೋ ತೆಗೆದ ನನ್ನ ಅನುಭವ

ಉಡುಪಿಯಲ್ಲಿ ಮದುವೆ ಫೋಟೋ ತೆಗೆದು ಬದುಕುವವರಿಗೆ ವರ್ಷದಲ್ಲಿ ಎರಡು ಬಿಡುವು. ತುಳುವರ ಆಟಿ ತಿಂಗಳು (ಜುಲೈ-ಆಗಸ್ಟ್) ಒಂದು, ಧನುರ್ಮಾಸ ಇನ್ನೊಂದು. ಆಟಿಯ ಮಳೆಗೆ ಕ್ಯಾಮೆರಾ ಹೊರಗೆ ತೆಗೆಯುವ ಹಾಗಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ ಮಾತ್ರ ಪೂರ್ತಿ ನನ್ನದು. ರಾಜಸ್ಥಾನದ ಮರುಭೂಮಿಗೆ ಹೋಗಲು ಅದೇ ಒಳ್ಳೆಯ ಕಾಲ. ಕ್ರಿಸ್ಮಸ್ ಕಳೆದ ಮೇಲೆ ಬರುವ ಕ್ರೈಸ್ತರ ರೋಸ್ (ಮದುವೆಗೆ ಮೊದಲಿನ ಶಾಸ್ತ್ರ), ಮದುವೆ ಕಾರ್ಯಕ್ರಮಗಳನ್ನು ಜತೆಗಾರನಿಗೆ ವಹಿಸಿ, ನನ್ನ ಸಣ್ಣ ಕಾರಿನಲ್ಲಿ ಒಬ್ಬನೇ ಜೈಸಲ್ಮೇರ್ ಕಡೆಗೆ ಹೊರಟೆ.

"ಅಲ್ಲಿ ಮರಳು ಬಿಟ್ರೆ ಎಂತ ಉಂಟು ಮಾರಾಯ? ಮರಳು ಮಲ್ಪೆಯಲ್ಲೂ ಉಂಟಲ್ಲ" ಎಂದಿದ್ದ ಅವನು.

ನಿಜಕ್ಕೂ ನನ್ನ ತಯಾರಿ ಶುರುವಾದದ್ದು ಅಲ್ಲೇ, ಮಲ್ಪೆಯ ಪಕ್ಕದ ಪಡುಕೆರೆಯಲ್ಲಿ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ಮರಳಿನ ಮೇಲೆ ಸಣ್ಣ ಸಣ್ಣ ಅಲೆಗೆರೆಗಳು ಉಳಿಯುತ್ತವೆ. ಮಧ್ಯಾಹ್ನ ಅವು ಕಣ್ಣಿಗೇ ಬೀಳುವುದಿಲ್ಲ. ಸಂಜೆ ಸೂರ್ಯ ನೀರಿಗೆ ಹತ್ತಿರವಾದಾಗ ಬಡಗು ಮುಖವಾಗಿ ನಿಂತರೆ, ಎಡಗಡೆಯಿಂದ ಬರುವ ಬೆಳಕಿಗೆ ಪ್ರತಿಯೊಂದು ಗೆರೆಯೂ ತನ್ನ ನೆರಳು ಬಿಡುತ್ತದೆ. ಅದೇ ಜಾಗ, ಅದೇ ಮರಳು. ನಾವು ಕರಾವಳಿಯವರು ಹಸಿರು, ಮೋಡ, ಒದ್ದೆ ನೆಲ ನೋಡಿ ಕಣ್ಣು ಪಳಗಿಸಿಕೊಂಡವರು. ನಮ್ಮಲ್ಲಿ ಬಣ್ಣವೇ ಚಿತ್ರವನ್ನು ಹೊತ್ತು ನಡೆಯುತ್ತದೆ. ಮರುಭೂಮಿಯಲ್ಲಿ ಆ ಕೆಲಸ ಮಾಡುವುದು ನೆರಳು. ಹೋಗುವ ಮೊದಲೇ ಇದನ್ನು ಮನಸ್ಸಿಗೆ ಇಳಿಸಿಕೊಂಡದ್ದರಿಂದ ಅಲ್ಲಿ ನನ್ನ ಸಮಯ ಬಹಳ ಉಳಿಯಿತು.

ದಾರಿ ಹೆಚ್ಚುಕಡಿಮೆ 2000 ಕಿ.ಮೀ. ನಮ್ಮ ರಾಷ್ಟ್ರೀಯ ಹೆದ್ದಾರಿ 66ರಲ್ಲೇ ಪನ್ವೇಲ್‌ವರೆಗೆ ಹೋಗಬಹುದು. ನಾನು ಅಂಕೋಲಾದಲ್ಲಿ ತಿರುಗಿ, ಘಟ್ಟ ಹತ್ತಿ, ಹುಬ್ಬಳ್ಳಿಯಲ್ಲಿ ಹೆದ್ದಾರಿ 48 ಹಿಡಿದೆ. ಪುಣೆ, ಸೂರತ್, ಅಹಮದಾಬಾದ್ ದಾಟಿ ಸಾಂಚೋರ್, ಬಾಡಮೇರ್ ಮೇಲಿಂದ ಜೈಸಲ್ಮೇರ್. ಒಬ್ಬನೇ ಓಡಿಸುವುದರಿಂದ ಕತ್ತಲಾದ ಮೇಲೆ ಚಕ್ರ ತಿರುಗಿಸಬಾರದು ಎಂಬ ನಿಯಮ ಇಟ್ಟುಕೊಂಡಿದ್ದೆ. ಬಾಡಮೇರ್ ಆಚೆ ಅದು ನಿಯಮವಲ್ಲ, ಅಗತ್ಯ. ರಸ್ತೆ ನೇರ, ಖಾಲಿ, ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಆ ಹೊತ್ತಿಗೇ ಒಂಟೆಯೋ ದನವೋ ಡಾಂಬರಿನ ನಡುವೆ ನಿಂತಿರುತ್ತದೆ.

ಥಾರ್ ಎಂದರೆ ಉದ್ದಕ್ಕೂ ಮರಳ ದಿಬ್ಬ ಎಂದುಕೊಂಡು ಹೋಗಬೇಡಿ. ಜೈಸಲ್ಮೇರ್ ಸುತ್ತಮುತ್ತ ಬಹುಪಾಲು ನೆಲ ಕಲ್ಲು, ಜಲ್ಲಿ, ಕುರುಚಲು ಗಿಡ. ನಮ್ಮ ರಸ್ತೆಬದಿಯ ಎಕ್ಕ ಅಲ್ಲಿಯೂ ಮರಳಲ್ಲಿ ಸೊಂಪಾಗಿ ನಿಂತಿದೆ. ಬಳ್ಳಾರಿ ಜಾಲಿ ಎಲ್ಲೆಲ್ಲೂ ಇದೆ. ಅದರ ಮುಳ್ಳು ಟೈರನ್ನು ಸುಲಭವಾಗಿ ತೂರುತ್ತದೆ, ಸ್ಟೆಪ್ನಿಯ ಗಾಳಿ ಹೊರಡುವ ಮೊದಲೇ ನೋಡಿಕೊಳ್ಳಿ. ಬಯಲುಸೀಮೆಯವರು ದಸರಾಕ್ಕೆ ಎಲೆ ಹಂಚುವ ಬನ್ನಿ ಮರವೇ ಅಲ್ಲಿನ ಖೇಜ್ಡಿ, 1983ರಿಂದ ರಾಜಸ್ಥಾನದ ರಾಜ್ಯವೃಕ್ಷ. ಚಳಿಗಾಲದಲ್ಲಿ ಮೇವಿಗಾಗಿ ಅದರ ಸೊಪ್ಪು ಸವರಿರುತ್ತಾರೆ. ಗಂಟುಗಂಟಾದ ಬೋಳು ಕಾಂಡ, ಹಿಂದೆ ಬರೀ ಆಕಾಶ. ದಿಬ್ಬಗಳಿಗಿಂತ ಹೆಚ್ಚು ಹೊತ್ತು ನಾನು ಇಂಥ ಒಂಟಿ ಮರಗಳ ಎದುರು ನಿಂತದ್ದುಂಟು.

ದಿಬ್ಬಗಳಿಗೆ ಎಲ್ಲರೂ ಹೋಗುವುದು ಜೈಸಲ್ಮೇರ್‌ನಿಂದ ಪಡುವಣಕ್ಕೆ ಸುಮಾರು 40 ಕಿ.ಮೀ. ದೂರದ ಸಮ್‌ಗೆ. ಸಂಜೆಯಾದರೆ ಅಲ್ಲಿ ಜೀಪು, ಒಂಟೆ, ಜನ. ಬೇಸಿಗೆಯ ನೈಋತ್ಯ ಗಾಳಿ ಜೋರಾಗಿ ಬೀಸಿ ಮರಳನ್ನು ಹೊಸದಾಗಿ ಕಟ್ಟುತ್ತದೆ. ಚಳಿಗಾಲದ ಗಾಳಿಗೆ ಆ ಶಕ್ತಿ ಇಲ್ಲ, ಹೆಜ್ಜೆ ಗುರುತು ಬೇಗ ಅಳಿಯುವುದಿಲ್ಲ. ಹಾಗಾಗಿ ನಾನು ನೈಋತ್ಯದ ಖುಡಿ ಎಂಬ ಹಳ್ಳಿಯಲ್ಲಿ ಉಳಿದೆ. ದಿಬ್ಬ ಸಣ್ಣವು, ಜನ ಕಡಿಮೆ. ನಾನು ಇಳಿದುಕೊಂಡ ಮನೆಯ ಹಿರಿಯರನ್ನು ಊರವರಂತೆ ನಾನೂ ಕಾಕಾಸಾ ಎಂದೇ ಕರೆಯುತ್ತಿದ್ದೆ. ರಾತ್ರಿ ಊಟಕ್ಕೆ ಕೂತಾಗ ಅವರು ಗಾಳಿಗೆ ಕಿವಿಗೊಟ್ಟು, "ಇವತ್ತು ಬೀಸುತ್ತಿದೆ, ನಾಳೆ ಬೆಳಿಗ್ಗೆ ಬೇಗ ಹೋಗಿ, ಮರಳು ಹೊಸದಾಗಿರುತ್ತದೆ" ಎಂದರೆ ಅದನ್ನೇ ನಂಬಿ ಅಲಾರ್ಮ್ ಇಡುತ್ತಿದ್ದೆ. ಯಾವ ಹವಾಮಾನ ಆ್ಯಪ್ ಕೂಡ ಇಷ್ಟು ಸರಿಯಾಗಿ ಹೇಳಲಿಲ್ಲ.

ಒಬ್ಬನೇ ಹೋಗುವುದರ ದೊಡ್ಡ ಲಾಭ ಇಲ್ಲಿದೆ. ಒಂದೇ ದಿಬ್ಬಕ್ಕೆ ಸಂಜೆ ಸಂಜೆಯೂ ಹೋಗಬಹುದು, ಇನ್ನೂ ಎಷ್ಟು ಹೊತ್ತು ಎಂದು ಕೇಳುವವರಿಲ್ಲ. ದಿಬ್ಬದ ಗಾಳಿ ಬಡಿಯುವ ಮಗ್ಗುಲು ನಿಧಾನವಾಗಿ ಏರುತ್ತದೆ. ಮರೆಯ ಮಗ್ಗುಲಲ್ಲಿ ಮರಳು ಜಾರಿ ಜಾರಿ 30ರಿಂದ 34 ಡಿಗ್ರಿಯ ಕಡಿದಾದ ಇಳಿಜಾರು ಆಗಿರುತ್ತದೆ. ಎರಡೂ ಸೇರುವ ಏಣು ಚಾಕುವಿನಿಂದ ಕೊಯ್ದಷ್ಟು ಚೂಪು. ನಾನು ದಿಬ್ಬದ ಬುಡದಲ್ಲಿ, ಏಣು ಓರೆಯಾಗಿ ಕಾಣುವ ಕಡೆ ಟ್ರೈಪಾಡ್ ಊರಿ ಕಾಯುತ್ತಿದ್ದೆ. ಐದು ಗಂಟೆಗೆ ಎರಡೂ ಮಗ್ಗುಲು ಒಂದೇ ಹಳದಿ. ಐದೂವರೆಯ ಸುಮಾರಿಗೆ ಇಳಿಜಾರಿಗೆ ನೆರಳು ಕವಿಯತೊಡಗುತ್ತದೆ. ಆಗ ಮರಳಿನ ಮೇಲೆ ಅದುವರೆಗೆ ಇಲ್ಲದ್ದೆಲ್ಲ ಮೂಡುತ್ತದೆ: ಅಲೆಗೆರೆಗಳು, ಎಕ್ಕದ ಒಣ ಎಲೆ ಗಾಳಿಗೆ ಸುತ್ತಿ ಕೊರೆದ ಅರ್ಧಚಂದ್ರ, ದುಂಬಿಯೊಂದು ಎರಡು ಸಾಲು ಚುಕ್ಕಿ ಹಾಕುತ್ತಾ ಏಣಿನವರೆಗೆ ನಡೆದು ಅಲ್ಲಿಂದ ಹಿಂದಿರುಗಿದ ಜಾಡು. ಏಣಿನ ಮೇಲೆ ಗಾಳಿ ಎಬ್ಬಿಸಿದ ಮರಳು ಹಿಂದಿನ ಬೆಳಕಿಗೆ ತೆಳ್ಳಗೆ ಹೊಳೆಯುತ್ತದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು. ಕೈಗೆ ಸಿಗುವ ಬೆಳಕು ಆ ಕೊನೆಯ ಅರ್ಧ ಗಂಟೆಯದು ಮಾತ್ರ. ಅಷ್ಟರಲ್ಲಿ ಜಾಗ ಬದಲಿಸಲು ಹೋದರೆ ಎರಡೂ ಜಾಗ ಕೈತಪ್ಪುತ್ತವೆ.

ಬೆಳಿಗ್ಗೆ ಅವಸರವಿಲ್ಲ. ಜೈಸಲ್ಮೇರ್ ದೇಶದ ಪಡುವಣ ತುದಿಗೆ ಹತ್ತಿರವಿರುವುದರಿಂದ ಆಗ ಸೂರ್ಯೋದಯ ಏಳೂವರೆಯ ಹೊತ್ತಿಗೆ, ಉಡುಪಿಗಿಂತ ಮುಕ್ಕಾಲು ಗಂಟೆಯಷ್ಟು ತಡ. ಇನ್ನೊಂದು ಅನುಕೂಲವೂ ಉಂಟು. ಉತ್ತರಕ್ಕೆ ಹೋದಷ್ಟೂ ಚಳಿಗಾಲದ ಸೂರ್ಯ ತಗ್ಗು. ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ನಮ್ಮಲ್ಲಿ ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿರುವ ಸೂರ್ಯ ಅಲ್ಲಿ 40 ಡಿಗ್ರಿಯಷ್ಟರಲ್ಲೇ ನಿಲ್ಲುತ್ತದೆ. ಹಾಗಾಗಿ ಹನ್ನೊಂದರವರೆಗೂ ಏನಾದರೂ ಸಿಗುತ್ತದೆ, ಮುಖ್ಯವಾಗಿ ಖೇಜ್ಡಿ ಮರ ಮತ್ತು ಕುಲಧರಾದಂಥ ಪಾಳುಬಿದ್ದ ಊರಿನ ಗೋಡೆಗಳಲ್ಲಿ.

ಎಕ್ಸ್‌ಪೋಷರ್ ಬಗ್ಗೆ ಮದುವೆ ಫೋಟೋಗ್ರಾಫರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಬಿಳಿ ಮುಂಡು, ಬಿಳಿ ಶಲ್ಯದ ಮದುಮಗನನ್ನು ಕ್ಯಾಮೆರಾದ ಬೆಳಕಿನ ಮೀಟರ್ ಹೇಗೆ ಕಪ್ಪುಗಟ್ಟಿಸುತ್ತದೋ ಮರಳನ್ನೂ ಹಾಗೆಯೇ. ಎದುರಿಗಿರುವುದು ನಡುಬೂದು ಎಂದೇ ಅದು ಎಣಿಸುತ್ತದೆ. ಫ್ರೇಮಿನ ತುಂಬ ಬಿಸಿಲ ಮರಳಿದ್ದರೆ ಮುಕ್ಕಾಲರಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡರಷ್ಟು ಬೆಳಕು) ಹೆಚ್ಚು ಕೊಡುತ್ತೇನೆ. ಅರ್ಧ ಫ್ರೇಮು ನೆರಳಾದ ಕೂಡಲೇ ಅದನ್ನು ಸೊನ್ನೆಗೆ ಇಳಿಸುತ್ತೇನೆ, ಇಲ್ಲದಿದ್ದರೆ ಬೆಳಕಿನ ಮಗ್ಗುಲು ಹಾಳೆಯಷ್ಟು ಬಿಳಿಯಾಗುತ್ತದೆ. ಹಿಸ್ಟೋಗ್ರಾಂ (ಚಿತ್ರದ ಬೆಳಕು-ಕತ್ತಲ ಹಂಚಿಕೆಯ ನಕ್ಷೆ) ನೋಡುತ್ತಲೇ ಇರಬೇಕು. ಬಣ್ಣದ ಹದ ತಿದ್ದುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡುವುದಿಲ್ಲ, ಡೇಲೈಟ್‌ಗೆ ಕಟ್ಟಿಹಾಕುತ್ತೇನೆ. ಆಟೋ ಇದ್ದರೆ ಸಂಜೆಯ ಕೆಂಪನ್ನು ದೋಷವೆಂದು ತಿದ್ದಲು ಹೋಗುತ್ತದೆ. ಲೆನ್ಸ್ ವಿಷಯಕ್ಕೆ ಬಂದರೆ, ಅಗಲ ನೋಟದ ವೈಡ್‌ಗಿಂತ 70-200 ಮಿ.ಮೀ. ಟೆಲಿ (ದೂರದ್ದನ್ನು ಹತ್ತಿರ ತರುವ ಲೆನ್ಸ್) ನನಗೆ ಹೆಚ್ಚು ದಕ್ಕಿತು. ವೈಡ್‌ನಲ್ಲಿ ದಿಬ್ಬಗಳು ಕುಗ್ಗಿ ಆಕಾಶದ ಅಡಿಯಲ್ಲಿ ಒಂದು ಪಟ್ಟಿಯಾಗುತ್ತವೆ. ಟೆಲಿ ಅವುಗಳನ್ನು ಒಂದರ ಹಿಂದೊಂದು ಒತ್ತಿ ನಿಲ್ಲಿಸುತ್ತದೆ, ಬೇಡದ ಗಾಳಿಯಂತ್ರ, ವಿದ್ಯುತ್ ತಂತಿಗಳನ್ನು ಹೊರಗಿಡುತ್ತದೆ. ಲೆನ್ಸಿನ ಕಿಂಡಿ (ಅಪರ್ಚರ್) ಎಫ್ 8 ಅಥವಾ 11, ಬೆಳಕಿನ ಸೂಕ್ಷ್ಮತೆ ಐಎಸ್‌ಒ 100, ಟ್ರೈಪಾಡ್. ಅಷ್ಟೇ.

ನಮ್ಮೂರಲ್ಲಿ ಲೆನ್ಸಿನ ಶತ್ರು ಫಂಗಸ್. ಉಡುಪಿಯಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ಸಿಲಿಕಾ ಜೆಲ್ ಇಲ್ಲದೆ ಬ್ಯಾಗು ಮುಚ್ಚುವಂತಿಲ್ಲ. ವರ್ಷಕ್ಕೆ 200 ಮಿ.ಮೀ. ಆಸುಪಾಸು ಮಾತ್ರ ಮಳೆ ಕಾಣುವ ಜೈಸಲ್ಮೇರ್‌ನಲ್ಲಿ ಶತ್ರು ಧೂಳು, ಅದಕ್ಕೆ ಶಿಸ್ತೇ ಬೇರೆ. ದಿಬ್ಬದ ಮೇಲೆ ಲೆನ್ಸ್ ಬದಲಿಸಲೇಬಾರದು. ಟೆಲಿ ಒಂದು ಕ್ಯಾಮೆರಾಕ್ಕೆ, ವೈಡ್ ಇನ್ನೊಂದಕ್ಕೆ ಹಾಕಿಕೊಂಡೇ ಕಾರಿನಿಂದ ಇಳಿಯುತ್ತಿದ್ದೆ. ಗಾಜಿನ ಮೇಲೆ ಮರಳು ಕೂತರೆ ಬಟ್ಟೆ ಮುಟ್ಟಿಸಬೇಡಿ, ಗೀರು ಬೀಳುತ್ತದೆ; ರಬ್ಬರ್ ಬ್ಲೋವರ್‌ನಿಂದ ಊದಿ, ಆಮೇಲೆ ಬ್ರಷ್. ಟ್ರೈಪಾಡಿನ ಕಾಲಿನ ಕೀಲುಗಳನ್ನು ರಾತ್ರಿ ಬಿಚ್ಚಿ ಒರೆಸಿಡಬೇಕು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಹೆಚ್ಚಿನದನ್ನು ಅಂಗಿಯ ಒಳಜೇಬಿನಲ್ಲಿ ಬೆಚ್ಚಗಿಡಿ.

ಕಾರು ಡಾಂಬರು ಬಿಟ್ಟು ಇಳಿಯಬಾರದು. ಜೀಪಿನ ಜಾಡು ಗಟ್ಟಿಯಾಗಿ ಕಂಡರೂ ಸಣ್ಣ ಕಾರಿಗೆ ಅದು ಹೇಳಿದ್ದಲ್ಲ. ಆದರೂ ಸಲಿಕೆ, ಟೈರಿಗೆ ಗಾಳಿ ತುಂಬುವ ಪಂಪು, ಹತ್ತು ಲೀಟರ್ ನೀರು ನನ್ನ ಡಿಕ್ಕಿಯಲ್ಲಿ ಇದ್ದೇ ಇದ್ದವು. ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಿದಷ್ಟೂ ಆಳಕ್ಕೆ ಇಳಿಯುತ್ತದೆ. ಟೈರಿನ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿ, ಮುಂದಿನ ಮರಳು ತೋಡಿ, ಮೆಲ್ಲಗೆ ಹೊರಗೆ ತರಬೇಕು. ಯಾವ ದಿಬ್ಬಕ್ಕೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಕಾಕಾಸಾಗೆ ಹೇಳದೆ ಹೊರಟದ್ದಿಲ್ಲ. ಮೊಬೈಲ್ ಸಿಗ್ನಲ್ ನಂಬಿ ಕೂರುವ ಜಾಗವಲ್ಲ ಅದು. ತನೋಟ್ ಕಡೆ ಹೋದರೆ ಪಾಕಿಸ್ತಾನದ ಗಡಿ ಹತ್ತಿರ. ಸೇನಾ ಪಡೆಯ ಜಾಗಗಳತ್ತ ಕ್ಯಾಮೆರಾ ಎತ್ತುವ ಮೊದಲು ಕೇಳಿ, ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ.

ಅಳತೆ ತಿಳಿಯಲು ಚಿತ್ರದಲ್ಲಿ ಒಬ್ಬ ಮನುಷ್ಯ ಬೇಕೆನಿಸುತ್ತದೆ. ಕುರಿ, ಒಂಟೆ ಕಾಯುವವರು ಸಿಕ್ಕರೆ ಮೊದಲು ಮಾತಾಡಿಸಿ ಒಪ್ಪಿಗೆ ಕೇಳುತ್ತಿದ್ದೆ. ಹಣ ಕೇಳಿದರೆ ಕೊಡುತ್ತಿದ್ದೆ, ಅವರ ಹೊತ್ತು ಅದು. ಯಾರೂ ಇಲ್ಲದಾಗ ಇಂಟರ್ವಲ್ ಟೈಮರ್ (ಬಿಡುವು ಬಿಟ್ಟು ತಾನಾಗಿ ಕ್ಲಿಕ್ಕಿಸುವ ವ್ಯವಸ್ಥೆ) ಹಾಕಿ ನಾನೇ ನಡೆಯುತ್ತಿದ್ದೆ, ಫ್ರೇಮಿನ ಹೊರಗಿನಿಂದ ದೊಡ್ಡ ಸುತ್ತು ಹಾಕಿ, ದಿಬ್ಬದ ಹಿಂಭಾಗದಿಂದ ಏಣಿನ ಮೇಲಕ್ಕೆ ಹತ್ತಿ. ನೇರ ನಡೆದರೆ ಎದುರಿನ ಮರಳು ಪೂರ್ತಿ ಹೆಜ್ಜೆಯಾಗುತ್ತದೆ.

ಊರಿಗೆ ಬಂದು ಎಡಿಟಿಂಗ್‌ಗೆ ಕೂತಾಗ ನಾನು ಪಾಲಿಸಿದ್ದು ಒಂದೇ: ನೆರಳಿನ ಮಗ್ಗುಲನ್ನು ಎತ್ತದಿರುವುದು. ಶ್ಯಾಡೋ ಸ್ಲೈಡರ್ ಎಳೆದರೆ ಕಪ್ಪಿನೊಳಗೆ ಮರಳು ಕಾಣುತ್ತದೆ ನಿಜ, ಆದರೆ ಏಣು ಸಾಯುತ್ತದೆ, ದಿಬ್ಬ ಚಪ್ಪಟೆಯಾಗುತ್ತದೆ. ನೆರಳಿಗೆ ಆಕಾಶದ ನೀಲಿ ಹತ್ತಿರುತ್ತದೆ, ಅದನ್ನೂ ಹಾಗೇ ಬಿಟ್ಟೆ. ಪ್ರಿಂಟಿಗೆ ಮ್ಯಾಟ್ ಕಾಗದವೇ ಸರಿ. ಹೊಳಪಿನ ಕಾಗದದಲ್ಲಿ ಆ ಕಪ್ಪು ಜಾಗದ ತುಂಬ ಕೋಣೆಯ ಟ್ಯೂಬ್‌ಲೈಟೇ ಕಾಣುತ್ತದೆ.