ಪಾಚೋಲಿ ಹೇಳ್ದಂಗೆ ಮೂರು ಬುಕ್ಕಿಟ್ಟೆ, ಲೆಕ್ಕ ಕೂಡ್ತು

ನಮ್ದು ಹಾರ್ಡ್‌ವೇರ್ ಅಂಗಡಿ. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಇದೆ, ಎಂಟ್ರಿ ಹಾಕೋಕೆ ಹುಡುಗನೂ ಇದಾನೆ, ಆದ್ರೂ ಪ್ರತಿ ತಿಂಗಳು ಏಳೆಂಟು ಸಾವಿರ ಮಾಯ. ಟ್ಯಾಲಿ ತಪ್ಪಲ್ಲ ಬಿಡಿ, ಉದ್ರಿ ಚೀಟಿ ಅಪ್ಪನ ಜೇಬಲ್ಲಿ, ಯುಪಿಐ ದುಡ್ಡು ಹೆಂಡ್ತಿ ಮೊಬೈಲಲ್ಲಿ, ಎಂಟ್ರಿಗೆ ಬರೋಷ್ಟ್ರಲ್ಲಿ ಅರ್ಧ ಕಳ್ದೋಗಿರೋದು.

ಇಟಲಿಯ ಗಣಿತದ ಮೇಷ್ಟ್ರು, ಸನ್ಯಾಸಿ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ದಪ್ಪ ಪುಸ್ತಕದಲ್ಲಿ ಲೆಕ್ಕ ಬರೆಯೋ ಭಾಗ ಒಂದಿದೆ, ಅದನ್ನ ಇಂಗ್ಲಿಷಲ್ಲಿ ಓದ್ದೆ. ಡಬಲ್ ಎಂಟ್ರಿ, ಅಂದ್ರೆ ಪ್ರತಿ ವ್ಯವಹಾರನೂ ಡೆಬಿಟ್ ಒಂದ್ಸಲ, ಕ್ರೆಡಿಟ್ ಒಂದ್ಸಲ ಅಂತ ಎರಡು ಕಡೆ ಬರೆಯೋದು, ಕಂಡುಹಿಡಿದಿದ್ದು ಅವನಲ್ಲ, ಇದು ವೆನಿಸ್ ಪದ್ಧತಿ ಅಂತ ಅವನೇ ಹೇಳ್ತಾನೆ. ಸನ್ಯಾಸಿ ಆಗೋಕ್ ಮುಂಚೆ ಅಲ್ಲಿನ ಒಬ್ಬ ವ್ಯಾಪಾರಿಯ ಮಕ್ಕಳಿಗೆ ಪಾಠ ಹೇಳ್ತಿದ್ನಲ್ಲ, ಗಲ್ಲಾಪೆಟ್ಟಿಗೆ ಕಷ್ಟ ಗೊತ್ತು ಅವನಿಗೆ.

ಅವನು ಹೇಳೋ ಬುಕ್ಕು ಮೂರು: ನಡೆದಿದ್ದನ್ನ ಆಗಿಂದಾಗ್ಲೇ ಬರೆಯೋ ಕಚ್ಚಾ ಬುಕ್ಕು, ಅದನ್ನ ಡೆಬಿಟ್-ಕ್ರೆಡಿಟ್ ಮಾಡಿ ತಾರೀಖಿನ ಪ್ರಕಾರ ಬರೆಯೋ ಜರ್ನಲ್, ಒಂದೊಂದು ಖಾತೆನೂ ಬೇರೆ ಬೇರೆ ಇಡೋ ಲೆಡ್ಜರ್. ಕಚ್ಚಾ ಬುಕ್ಕಲ್ಲಿ ಯಜಮಾನ, ಆಳು, ಬರೆಯೋಕೆ ಬಂದ್ರೆ ಮನೆ ಹೆಂಗಸ್ರು, ಯಾರು ಬೇಕಾದ್ರೂ ಬರೀಬೋದು ಅಂತಾನೆ. ನಾನೂ ಹಂಗೇ ಇಡ್ತೀನಿ ಅಂದ್ರೆ ಆಡಿಟರ್ ನಕ್ರು, ಭಾವಮೈದ "ಮ್ಯೂಸಿಯಂ ಇಡ್ತೀರಾ ಭಾವ" ಅಂದ.

ಮೊದಲ್ನೇ ಸಲ ಕೆಟ್ಟಿದ್ದು ನನ್ ಸೋಮಾರಿತನದಿಂದ. ಸಾಮಾನು, ದುಡ್ಡು, ಸಾಲ ಇರೋದೆಲ್ಲ ಮೊದ್ಲು ಪಟ್ಟಿ ಮಾಡು ಅಂತ ಪಾಚೋಲಿ ಶುರುನಲ್ಲೇ ಹೇಳಿದ್ರೂ ನಾನು ಹಾರಿಸ್ಬಿಟ್ಟೆ, ಮೂರು ತಿಂಗ್ಳು ದಂಡ, ಮೇಲಿಂದ ಆಗ್ಲೇ ತೀರ್ಸಿದ್ದ ಒಂಬತ್ತು ಸಾವಿರ ಚಿಲ್ಲರೆ ಉದ್ರಿನ ಮತ್ತೆ ಕೇಳಿ ಒಬ್ಬ ಮೇಸ್ತ್ರಿನ ಕಳ್ಕೊಂಡೆ. ಎರಡನೇ ಸಲ ಎರಡು ಭಾನುವಾರ ಕೂತು ಸ್ಕ್ರೂನೂ ತೂಕ ಹಾಕಿ ಬರ್ಕೊಂಡೆ.

ನಿಜವಾಗ್ ಕೆಲ್ಸ ಮಾಡಿದ್ದು ಗೆರೆ. ಕಚ್ಚಾದಲ್ಲಿರೋ ಎಂಟ್ರಿ ಜರ್ನಲ್‌ಗೆ ಹೋದ್ರೆ ಅದರ ಮೇಲೊಂದು ಗೆರೆ, ಜರ್ನಲ್‌ನಿಂದ ಲೆಡ್ಜರ್‌ಗೆ ಡೆಬಿಟ್ ಹೋದ್ರೆ ಒಂದು, ಕ್ರೆಡಿಟ್ ಹೋದ್ರೆ ಇನ್ನೊಂದು. ಗೆರೆ ಇಲ್ದಿರೋದು ಕಣ್ಣಿಗೆ ಹೊಡಿಯತ್ತೆ. ತಿಂಗಳ ಕೊನೆಗೆ ಹೆಂಡ್ತಿ ಜರ್ನಲ್ ಓದ್ತಾಳೆ, ನಾನು ಲೆಡ್ಜರಲ್ಲಿ ಚುಕ್ಕಿ ಇಡ್ತೀನಿ, ಇದೂ ಪಾಚೋಲಿ ಹೇಳಿದ್ದೇ. ಒಂದ್ಸಲ 270 ವ್ಯತ್ಯಾಸ ಬಂತು, ಒಂಬತ್ತರಿಂದ ಭಾಗ ಆಗತ್ತೆ, ಅಂದ್ರೆ ಅಂಕಿ ಅದಲುಬದಲು ಆಗಿರ್ಬೋದು ಅಂತ, ಹುಡುಕಿದ್ರೆ 1,850 ಹೋಗಿ 1,580 ಆಗಿತ್ತು. ಐದನೇ ತಿಂಗ್ಳು ಪೈಸೆ ಸಮೇತ ಕೂಡ್ತು. ಆಡಿಟರ್‌ಗೆ ಫೋಟೋ ಕಳ್ಸಿದೆ, ಬ್ಲೂ ಟಿಕ್ ಬಂತು, ಉತ್ರ ಬರ್ಲಿಲ್ಲ.

ಸುಮ್ನೆ ಇನ್ನೊಂದು ಮಾಡ್ನೋಡ್ದೆ. ವೆನಿಸ್ನೋರು ಶುಂಠಿಗೆ, ಮೆಣಸಿಗೆ ಬೇರೆಬೇರೆ ಖಾತೆ ತೆಗೀತಿದ್ರಲ್ಲ, ಹಂಗೇ ಪೈಪ್‌ಗೊಂದು, ಸಿಮೆಂಟ್‌ಗೊಂದು, ಪೇಂಟ್‌ಗೊಂದು. ಪೈಪಲ್ಲಿ ಲಾಭ ಚೆನ್ನಾಗಿದೆ, ಸಿಮೆಂಟ್ ಪರವಾಗಿಲ್ಲ, ಪೇಂಟಲ್ಲಿ ಆರು ತಿಂಗಳಿಗೆ ಹತ್ತತ್ರ ನಾಲ್ಕು ಸಾವಿರ ಲಾಸು. ನಿಲ್ಸೋಣ ಅಂದ್ರೆ ಅಪ್ಪ ಒಪ್ತಿಲ್ಲ, ಬೋರ್ಡಲ್ಲಿ ಬರ್ಸಿದೀವಲ್ಲೋ ಅಂತಾರೆ.