ಫ್ರಂಟ್ ವೀಲ್ ಡ್ರೈವ್ ಡ್ರ್ಯಾಗ್ ಕಾರಿನಲ್ಲಿ ಲಾಂಚ್ ಕಂಟ್ರೋಲ್ ಹೊಂದಿಸುವ ಬಗೆ

ಡ್ರ್ಯಾಗ್ ಎಂದರೆ ನಿಂತಲ್ಲಿಂದ ಹೊರಟು ನೇರ ಪಥದಲ್ಲಿ ಓಡುವ ವೇಗದ ಸ್ಪರ್ಧೆ. ನಿಂತ ಕಾರು ಮುಂದಕ್ಕೆ ಚಿಮ್ಮುವಾಗ ಅದರ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಚಕ್ರಗಳಿಂದ ಓಡುವ ಕಾರಿಗೆ ಇದು ವರ. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಮಾತ್ರ, ಹಿಡಿತ ಅತ್ಯಂತ ಬೇಕಾದ ಆ ಗಳಿಗೆಯಲ್ಲೇ ಮುಂದಿನ ಟೈರುಗಳು ಹಗುರಾಗುತ್ತವೆ. ಹಳೆಯ ಹೋಂಡಾ ಸಿಟಿ, ಸ್ವಿಫ್ಟ್ ಮೊದಲಾದ ಕಾರುಗಳನ್ನು ಸ್ಪರ್ಧೆಗೆ ಅಣಿಗೊಳಿಸುವ ನಮ್ಮ ಕಾರವಾರ, ಶಿರಸಿ ಕಡೆಯವರು ಲಾಂಚ್ ಕಂಟ್ರೋಲನ್ನು ಟೈರು ತಾಳುವಷ್ಟೇ ಶಕ್ತಿಯನ್ನು ಬಿಡುವ ಸಾಧನವೆಂದು ತಿಳಿದು ಕೆಲಸ ಆರಂಭಿಸಬೇಕು.

ಎಂಜಿನ್ನಿಗೆ 7000 ಆರ್‌ಪಿಎಂ ಮೇಲಿನ ಮಿತಿಯಿದ್ದರೆ, ಕಾರು ನಿಂತಿರುವಾಗ ಅದಕ್ಕಿಂತ ಕೆಳಗಿನ ಎರಡನೆಯ ಮಿತಿಯೊಂದನ್ನು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಜಾರಿಗೆ ತರುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಕಿಡಿಯನ್ನೋ ಇಂಧನವನ್ನೋ ಕಡಿತಗೊಳಿಸಿ ಅಲ್ಲೇ ತಡೆದು ನಿಲ್ಲಿಸುತ್ತದೆ. ಟರ್ಬೊ ಕಾರುಗಳಲ್ಲಿ ಕಿಡಿಯನ್ನು ತಡವಾಗಿ ಕೊಟ್ಟು, ಬಿಸಿ ಹೊಗೆಯಿಂದ ಟರ್ಬೈನ್ ತಿರುಗಿಸಿ, ಹೊರಡುವ ಮೊದಲೇ ಬೂಸ್ಟ್, ಅಂದರೆ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ, ಕಟ್ಟಬಹುದು. ಆ ಶಾಖ ವಾಲ್ವ್‌ಗಳಿಗೂ ಟರ್ಬೈನಿಗೂ ಕೆಟ್ಟದ್ದು. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು.

ಈ ಮಿತಿ ಯಾವಾಗ ಕಳಚಬೇಕೆಂಬುದನ್ನು ಕ್ಲಚ್ ಸ್ವಿಚ್ಚು ಅಥವಾ ವೇಗದ ಸೆನ್ಸರ್ ಹೇಳುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಗೇರ್‌ಬಾಕ್ಸಿನ ಸೆನ್ಸರ್ ಅಳೆಯುವುದು ಮುಂದಿನ ಚಕ್ರಗಳ ವೇಗವನ್ನು. ಅವು ಜಾರಿ ಸುಮ್ಮನೆ ತಿರುಗಿದರೂ ಕಾರು ಓಡುತ್ತಿದೆಯೆಂದು ಇಸಿಯು ಭಾವಿಸಿ ಮಿತಿಯನ್ನು ಬೇಗನೆ ಬಿಟ್ಟುಬಿಡುತ್ತದೆ, ಜಾರುವಿಕೆ ಇನ್ನಷ್ಟು ಹೆಚ್ಚುತ್ತದೆ. ಸಾಧ್ಯವಿದ್ದರೆ ವೇಗವನ್ನು ಹಿಂದಿನ ಚಕ್ರದಿಂದ ಪಡೆಯಿರಿ: ಎಂಜಿನ್ ಅದನ್ನು ತಿರುಗಿಸುವುದಿಲ್ಲವಾದ್ದರಿಂದ ಅದು ತೋರಿಸುವುದು ಕಾರಿನ ನಿಜವಾದ ವೇಗ. ಕರಾವಳಿಯಲ್ಲಿರುವ ಕಾರಾದರೆ ಈ ಸೆನ್ಸರುಗಳ ಕನೆಕ್ಟರನ್ನು ಬಿಚ್ಚಿ ನೋಡಲೇಬೇಕು. ಉಪ್ಪುಗಾಳಿಗೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ, ಸಂಕೇತ ನಡುನಡುವೆ ಕಡಿದುಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ ಮುಚ್ಚಿರಿ.

ಕಂಪ್ಯೂಟರ್ ಮುಟ್ಟುವ ಮೊದಲು ಕಾರಿನ ಮೈ ಸರಿಯಿರಲಿ. ಸಡಿಲ ಎಂಜಿನ್ ಮೌಂಟ್ ಇದ್ದರೆ ಚಕ್ರ ಕುಣಿಯತೊಡಗಿ ಡ್ರೈವ್ ಶಾಫ್ಟ್ ಮುರಿಯಬಹುದು. ಹಿಂಬದಿಯ ಸ್ಪ್ರಿಂಗ್ ಗಡುಸಾಗಿದ್ದರೆ ಕಾರು ಹಿಂದಕ್ಕೆ ಕುಳಿತುಕೊಳ್ಳುವುದು ಕಡಿಮೆಯಾಗುತ್ತದೆ. ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ತಲುಪಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇಲ್ಲದಿದ್ದರೆ ಒಂದೇ ಚಕ್ರ ಸುತ್ತಿ ಶಕ್ತಿಯೆಲ್ಲ ಹೊಗೆಯಾಗುತ್ತದೆ. ಹಣವಿದ್ದರೆ ಮೊದಲು ಹಾಕಬೇಕಾದುದು ಇದನ್ನೇ ಎಂಬುದು ನನ್ನ ದೃಢ ಅಭಿಪ್ರಾಯ.

ಸಾಮಾನ್ಯ ರಸ್ತೆ ಟೈರಿನಲ್ಲಿ, ಟರ್ಬೊ ಇಲ್ಲದ ಕಾರಿಗೆ 3000 ಆರ್‌ಪಿಎಂನಿಂದ ಆರಂಭಿಸಿ. ಒಂದು ಓಟಕ್ಕೆ 200ರಂತೆ ಮಾತ್ರ ಏರಿಸಿ, ಪ್ರತಿ ಸಲ ಮೊದಲ 60 ಅಡಿ, ಅಂದರೆ ಸುಮಾರು 18.3 ಮೀಟರ್, ದಾಟಿದ ಸಮಯವನ್ನು ಬರೆದಿಡಿ. ಇಡೀ ಓಟದ, ಅಂದರೆ 402 ಮೀಟರಿನ, ಒಟ್ಟು ಸಮಯದಲ್ಲಿ ಗೇರ್ ಬದಲಿಸಿದ ತಪ್ಪುಗಳೂ ಸೇರಿರುತ್ತವೆ. ಲಾಂಚ್ ಹೇಗಿತ್ತೆಂದು ತಿಳಿಯಲು ಆ ಮೊದಲ ಅಂಕಿಯೇ ಬೇಕು. ಆ ಸಮಯ ಇಳಿಯುವುದು ನಿಂತು ಮತ್ತೆ ಏರತೊಡಗಿದಾಗ ಹಿಂದಿನ ಮೌಲ್ಯಕ್ಕೆ ಮರಳಿ. ಲಾಗ್‌ನಲ್ಲಿ ಹಿಂಚಕ್ರ 40 ಕಿಲೋಮೀಟರ್ ವೇಗ ತೋರಿಸುವಾಗ ಮುಂಚಕ್ರ 45 ತೋರಿಸಿದರೆ ಚಿಂತೆಯಿಲ್ಲ, 60 ತೋರಿಸಿದರೆ ಮೊದಲ ಗೇರಿನಲ್ಲಿ ಬೂಸ್ಟನ್ನು ತಗ್ಗಿಸಬೇಕು ಇಲ್ಲವೇ ಕಿಡಿಯನ್ನು ತಡವಾಗಿ ಕೊಡಬೇಕು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಕಾರವಾರದ್ದಕ್ಕಿಂತ ನೂರಕ್ಕೆ ಐದಾರು ಪಾಲು ತೆಳು. ಟರ್ಬೊ ಇಲ್ಲದ ಎಂಜಿನ್ ಘಟ್ಟದ ಮೇಲೆ ಸರಿಹೊಂದಿದ್ದರೂ ಕೆಳಗಿಳಿದಾಗ ಹೆಚ್ಚು ಎಳೆಯುತ್ತದೆ. ಲಾಂಚ್ ಮಿತಿಯನ್ನು ಸ್ವಲ್ಪ ಇಳಿಸಿ ಪುನಃ ನೋಡಬೇಕು.

ಗೆರೆಯಲ್ಲಿ ನಿಂತಾಗ ಕ್ಲಚ್ ಪೂರ್ತಿ ಒತ್ತಿ, ಮೊದಲ ಗೇರ್ ಹಾಕಿ, ಸ್ಟಿಯರಿಂಗನ್ನು ಎರಡೂ ಕೈಗಳಿಂದ ನೇರವಾಗಿ ಹಿಡಿಯಿರಿ, ಏಕೆಂದರೆ ಅದು ಒಂದು ಬದಿಗೆ ಎಳೆಯುತ್ತದೆ. ಹೊರಡುವ ಸೂಚನೆ ಕೊಡುವ ಕೊನೆಯ ಹಳದಿ ದೀಪಗಳ ಹೊತ್ತಿಗೆ ಆಕ್ಸಿಲರೇಟರ್ ಒತ್ತಿ, ಕ್ಲಚ್ಚನ್ನು ಬೇಗ ಆದರೆ ಜಾಡಿಸದೆ ಬಿಡಿ. ಚಕ್ರ ಕುಣಿಯತೊಡಗಿದರೆ ಛಲ ಹಿಡಿಯದೆ ಕಾಲು ತೆಗೆಯಿರಿ.

ಈ ಅಭ್ಯಾಸವನ್ನು ರಾಷ್ಟ್ರೀಯ ಹೆದ್ದಾರಿ 66ರಲ್ಲಾಗಲಿ ದೇವಿಮನೆ ಘಟ್ಟದಲ್ಲಾಗಲಿ ಎಂದೂ ಮಾಡಬಾರದು. ಪರವಾನಗಿಯುಳ್ಳ, ಆಂಬ್ಯುಲೆನ್ಸ್ ನಿಂತಿರುವ ಮುಚ್ಚಿದ ಪಥವೇ ಇದಕ್ಕೆ ಜಾಗ. ಪ್ರತಿ ಓಟದ ನಂತರ ಡ್ರೈವ್ ಶಾಫ್ಟಿನ ರಬ್ಬರ್ ಬೂಟುಗಳು ಹರಿದಿವೆಯೇ, ಕ್ಲಚ್ ಸುಟ್ಟ ವಾಸನೆಯಿದೆಯೇ ಎಂದು ಪರೀಕ್ಷಿಸಿ, ವಾಸನೆಯಿದ್ದರೆ ಕ್ಲಚ್ ಪೂರ್ತಿ ತಣಿಯುವವರೆಗೆ ಮತ್ತೆ ಗೆರೆಗೆ ಬರಬೇಡಿ.