ಹಿಂದ್ಮುಂದಾಗಿ ಹತ್ತಿದ 800

ಮಳೆಗಾಲದಲ್ಲಿ ನಮ್ಮ ಮನೆ ಏರಿಗೆ ಕಾರು ಹತ್ತುವುದಿಲ್ಲ ಅಂತ ಹೇಳದವರೇ ಇರಲಿಲ್ಲ. ಗ್ಯಾರೇಜಿನ ಮೇಸ್ತ್ರಿ ಹೇಳಿದ್ದರು. ಭಾವ ಹೇಳಿದ್ದ. ಅಡಿಕೆ ಸುಲಿಯಲು ಬರುವವರೂ ಹೇಳಿದ್ದರು. ತೀರ್ಥಹಳ್ಳಿ ತಾಲೂಕಿನ ಮೇಗರವಳ್ಳಿ ಹತ್ತಿರ ಟಾರು ರಸ್ತೆ ಬಿಟ್ಟು ಒಳಗೆ ಬಂದರೆ ನಮ್ಮೂರು. ಕೊನೆಯ ನಲವತ್ತು ಮಾರು ಬರೀ ಕೆಂಪು ಮಣ್ಣಿನ ಏರು. ಒಂದು ಕಡೆ ಗೋಡೆಯಂಥ ಮಣ್ಣಿನ ದರೆ, ಇನ್ನೊಂದು ಕಡೆ ತೋಟದ ಅಗಳು, ಅಂದರೆ ಕಂದಕ. ಮೃಗಶಿರ ಮಳೆ ಹಿಡಿಯಿತು ಅಂದರೆ ಬೈಕನ್ನೂ ಕೆಳಗೆ ಬಿಟ್ಟು ನಡೆದು ಹತ್ತುವ ಜಾಗ. ಅಲ್ಲಿ ಈಗ ಪೂರಾ ಮೂರು ಮಳೆಗಾಲದಿಂದ ನನ್ನ ಹಳೇ ಮಾರುತಿ 800 ಹತ್ತಿ ಬಂದು ಅಂಗಳದಲ್ಲಿ ನಿಲ್ಲುತ್ತಿದೆ. ಕೆಳಗೆ ಉಳಿದದ್ದು ಒಂದೇ ರಾತ್ರಿ. ಅವತ್ತು ದಾರಿಗೆ ಹಲಸಿನ ಮರ ಬಿದ್ದಿತ್ತು. ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾರು ಕಲಿತದ್ದು ನಲವತ್ತೊಂದನೇ ವಯಸ್ಸಿಗೆ. 2022ರ ಫೆಬ್ರವರಿಯಲ್ಲಿ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿದೆ, ಅದೇ ತಿಂಗಳು ಕಾರೂ ತಗೊಂಡೆ. ಭಾವನದ್ದು ಒಂದೇ ರಾಗ. "ಎಂತಕ್ಕೆ ಮಾರಾಯಾ ಆ ಡಬ್ಬ? ಲೋನ್ ಹಾಕಿ ಹೊಸದೇ ತಗೊ. ತಿಂಗಳಿಗೆ ಎಂಟು ಸಾವಿರ ಕಟ್ಟಿದ್ರೆ ಆಯ್ತಲ್ಲ." ಅವನಿಗೆ ತಿಂಗಳ ಸಂಬಳ ಬರುತ್ತದೆ. ನಮಗೆ ದುಡ್ಡು ಬರುವುದು ಅಡಿಕೆ ಮಂಡಿಗೆ ಹೋದಾಗ. ಕೊಳೆ ರೋಗ ಬಂದ ವರ್ಷ ಅದೂ ಅರ್ಧ. ಈಗೀಗ ಎಲೆಚುಕ್ಕೆ ಬೇರೆ. ತಿಂಗಳ ಕಂತು ನಮ್ಮಂಥವರಿಗೆ ಹೇಳಿದ್ದಲ್ಲ. ಹಾಗಾಗಿ ನನ್ನ ಲೆಕ್ಕ ಬೇರೆ ಇತ್ತು. ಒಂದು ಲಕ್ಷ ಎತ್ತಿಟ್ಟೆ. ಅರವತ್ತು ಸಾವಿರದ ಒಳಗೆ ಕಾರು ಸಿಗಬೇಕು, ಉಳಿದದ್ದು ಪೂರಾ ರಿಪೇರಿಗೆ. ಹಳೇ ಕಾರು ತಗೊಂಡು ಸೋತವರನ್ನು ನೋಡಿ, ಲಕ್ಷಕ್ಕೆ ಲಕ್ಷವನ್ನೂ ಕಾರಿಗೇ ಸುರಿದಿರುತ್ತಾರೆ. ಆಮೇಲೆ ಟೈರಿಗೆ ದುಡ್ಡಿಲ್ಲ.

ಮೊದಲು ನೋಡಿದ ಕಾರಿನಲ್ಲೇ ಐದು ಸಾವಿರ ಕಳಕೊಂಡೆ. ಶಿವಮೊಗ್ಗದಲ್ಲಿ ನೋಡಿದ ಗಾಡಿ. ಬಣ್ಣ ಚೆನ್ನಾಗಿತ್ತು, ಸೀಟಿಗೆ ಹೊಸ ಕವರ್. ಅಡ್ವಾನ್ಸ್ ಕೊಟ್ಟು ಬಂದೆ. ಆರ್‌ಸಿ ಸರಿಯಾಗಿ ಓದಿದ್ದು ಮನೆಗೆ ಬಂದ ಮೇಲೆ. ಅದರಲ್ಲಿ ಯಾವ ಕಾಲದ್ದೋ ಸಾಲದ ನಮೂದು ಹಾಗೇ ಇತ್ತು. ಸಾಲ ತೀರಿಸಿದ್ದರೂ ನಮೂದು ತೆಗೆಸಿರಲಿಲ್ಲ. ಬ್ಯಾಂಕಿನ ಎನ್‌ಒಸಿ, 35ನೇ ನಂಬರಿನ ಫಾರಂ ಇಲ್ಲದೆ ಹೆಸರು ವರ್ಗಾವಣೆ ಮುಂದೆ ಹೋಗುವುದಿಲ್ಲ. ಮಾರುವವನು ಇವತ್ತು ತರ್ತೀನಿ, ನಾಳೆ ತರ್ತೀನಿ ಅಂದ. ಕಡೆಗೆ ಫೋನ್ ಎತ್ತುವುದನ್ನೇ ಬಿಟ್ಟ. ಅಡ್ವಾನ್ಸ್ ಹೋಯಿತು. ಅಲ್ಲಿಂದ ಮೇಲೆ ನಾನು ಬಾನೆಟ್ ಎತ್ತುವ ಮೊದಲು ಆರ್‌ಸಿ ಕೇಳುತ್ತೇನೆ.

ಎರಡನೆಯದ್ದು ಘಟ್ಟದ ಕೆಳಗಿನ ಗಾಡಿ. ಕೆಎ-20, ಅಂದರೆ ಉಡುಪಿ ನಂಬರ್, 2004ರ ಮಾಡೆಲ್, ಕಾರ್ಬ್ಯುರೇಟರ್ ಇಲ್ಲದ ಎಂಪಿಎಫ್‌ಐ ಎಂಜಿನ್. ಹದಿನೈದು ವರ್ಷ ಮುಗಿದು 2024ರವರೆಗೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು, ಆಗಿತ್ತು. 75 ಹೇಳಿದರು, 58ಕ್ಕೆ ಮುಗಿಯಿತು. ಇಷ್ಟು ಇಳಿದದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಬೆಳಗ್ಗೆ ಆರೂವರೆಗೆ, ಹೇಳದೇ ಕೇಳದೇ ಅವರ ಮನೆ ಮುಂದೆ ಹೋಗಿ ನಿಂತಿದ್ದೆ ಅನ್ನುವಷ್ಟು ಮಾತ್ರ ಹೇಳುತ್ತೇನೆ. ಎಂಜಿನ್ ತಣ್ಣಗಿದ್ದಾಗ ಅದರ ನಿಜ ಗೊತ್ತಾಗುತ್ತದೆ. ಹತ್ತು ಗಂಟೆಗೆ ಬನ್ನಿ ಅಂದರೆ ಒಂಬತ್ತೂವರೆಗೇ ಬಿಸಿ ಮಾಡಿ ಇಟ್ಟಿರುತ್ತಾರೆ. ಉಳಿದ ಮಾತುಕತೆ ನನ್ನ ಹತ್ತಿರವೇ ಇರಲಿ. ಇನ್ನೊಂದು ಕಾರು ತಗೊಳ್ಳುವುದಿದೆ.

ಎಂಜಿನ್ ಗಟ್ಟಿ ಇತ್ತು. ಆಯಿಲ್ ಮುಚ್ಚಳ ಬಿಚ್ಚಿದರೆ ಬಿಳಿ ನೊರೆ ಇಲ್ಲ, ಹೊಗೆ ಇಲ್ಲ. ತುಕ್ಕು ಮಾತ್ರ ಇತ್ತು. ಸಮುದ್ರದ ಗಾಳಿ ಕುಡಿದ ಗಾಡಿ, ಇನ್ನೇನು. ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿದೆ, ಡ್ರೈವರ್ ಕಾಲಡಿ ಪುಸಕ್ಕನೆ ಒಳಗೆ ಹೋಯಿತು. ನೆಲ ಕಾಣಿಸಿತು! ಮೇಸ್ತ್ರಿ ತಲೆ ಅಲ್ಲಾಡಿಸಿ, "ಗೌಡ್ರೇ, ಬೇಡ. ಕೆಳಗಿನ ಗಾಡಿ ಮೇಲೆ ತಂದ್ರೆ ಉಳಿಯಲ್ಲ" ಅಂದರು. ನಾನು ಅವರನ್ನೇ ಕರಕೊಂಡು ಮುಂದಿನ ಸಸ್ಪೆನ್ಷನ್ ಕೂರುವ ಜಾಗ ನೋಡಿಸಿದೆ. ಅಲ್ಲಿ ಗಟ್ಟಿ ಇತ್ತು. ಕಾಲಡಿಯ ತಗಡಿಗೆ ತೇಪೆ ಹಾಕಬಹುದು, ಸಸ್ಪೆನ್ಷನ್ ಕೂರುವಲ್ಲಿ ತುಕ್ಕು ಹಿಡಿದರೆ ಆ ಗಾಡಿಯನ್ನೇ ಕೈಬಿಡಬೇಕು. ಟಿಂಕರ್ ಹತ್ತಿರ ತೇಪೆಗೆ ಏಳು ಸಾವಿರ ಹೋಯಿತು. ಗಾಡಿಯ ಅಡಿಭಾಗಕ್ಕೆ ನಾನು ವರ್ಷಕ್ಕೊಮ್ಮೆ ಒಂದು ಎಣ್ಣೆ ಹಚ್ಚುತ್ತೇನೆ. ಏನೇನು ಬೆರೆಸುತ್ತೇನೆ ಅಂತ ಮೇಸ್ತ್ರಿಗೂ ಹೇಳಿಲ್ಲ. ನಾಲ್ಕು ವರ್ಷವಾಯಿತು, ತೇಪೆ ಹಾಗೇ ಇದೆ.

ಮೊದಲ ವರ್ಷದ ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ನಾಲ್ಕು ಟೈರ್ ಒಂಬತ್ತು ಸಾವಿರ ಚಿಲ್ಲರೆ, ತೇಪೆ ಏಳು, ಕ್ಲಚ್ ಐದೂವರೆ, ಬ್ಯಾಟರಿ ಮೂರಕ್ಕಿಂತ ಸ್ವಲ್ಪ ಜಾಸ್ತಿ, ಸೈಲೆನ್ಸರ್ ಎರಡು. ಹೆಸರು ವರ್ಗಾವಣೆಗೆ 29, 30ರ ಫಾರಂ ಹಿಡಿದು ಓಡಾಡಿದ್ದು ಮೂರೂವರೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎರಡೂವರೆ. ವೈರಿಂಗ್ ಎರಡು ಸಲ, ಒಟ್ಟು ಎರಡೂಮುಕ್ಕಾಲು. ಎಲ್ಲ ಸೇರಿ 36 ಸಾವಿರದ ಹತ್ತಿರ. 58 ಪ್ಲಸ್ 36. ಎತ್ತಿಟ್ಟ ಲಕ್ಷದಲ್ಲಿ ಆರು ಸಾವಿರ ಉಳಿಯಿತು. ಕಳಕೊಂಡ ಅಡ್ವಾನ್ಸ್ ತೆಗೆದರೆ ಒಂದೇ ಸಾವಿರ. ಉಳಿಯಿತೋ ಇಲ್ಲವೋ?

ವೈರಿಂಗ್ ಎರಡು ಸಲ ಯಾಕೆ ಅಂದರೆ ಇಲಿ. ಮಲೆನಾಡಿನಲ್ಲಿ ಕಾರು ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಹಿಡಿದರೆ ತೋಟದ ಇಲಿಗೆಲ್ಲ ಬೆಚ್ಚಗಿನ ಎಂಜಿನ್ನೇ ಗೂಡು. ನುಸಿಗುಳಿಗೆ ಕಟ್ಟಿದೆ, ಪಕ್ಕದಲ್ಲೇ ಗೂಡು ಕಟ್ಟಿಕೊಂಡಿತು. ಹೊಗೆಸೊಪ್ಪು ಇಟ್ಟೆ, ಒಂದು ವಾರ ನಡೆಯಿತು, ಆಮೇಲೆ ಒದ್ದೆಯಾಗಿ ಬೂಷ್ಟು ಹಿಡಿಯಿತು. ಬೆಕ್ಕಿಗೆ ಕಾರಿನ ಕೆಳಗೆ ಅನ್ನ ಹಾಕಿ ನೋಡಿದೆ. ಬೆಕ್ಕು ತಿಂದು ಒಲೆ ಹತ್ತಿರ ಹೋಗಿ ಮಲಗಿತು. ಕಡೆಗೆ ಉಪಾಯ ಸಿಕ್ಕಿದ್ದು ಅಮ್ಮನಿಂದ. "ರಾತ್ರಿ ಆ ಮುಚ್ಚಳ ತೆಗೆದಿಡಾ, ಕತ್ತಲೆ ಇದ್ರೆ ತಾನೇ ಇಲಿ ಬರೋದು" ಅಂದರು. ಬಾನೆಟ್ ಎತ್ತಿಟ್ಟೇ ಮಲಗಲು ಶುರು ಮಾಡಿದೆ. ಮೇಲೆ ಶೀಟಿನ ಚಪ್ಪರ ಇದೆ, ನೀರು ಬೀಳುವುದಿಲ್ಲ. ಇಲಿ ಕಮ್ಮಿಯಾಯಿತು. ಕೋಳಿ ಹತ್ತಿ ಕೂರುತ್ತದೆ, ಅದು ಬೇರೆ ಕಥೆ.

ಇನ್ನು ಏರಿನ ವಿಷಯ.

ಡ್ರೈವಿಂಗ್ ಸ್ಕೂಲಿನಲ್ಲಿ ಐದು ಸಾವಿರ ಕೊಟ್ಟು ಕಲಿತದ್ದು ಸಪಾಟು ರಸ್ತೆಯಲ್ಲಿ ಮೂರನೇ ಗೇರ್ ಹಾಕುವುದು. ಪಕ್ಕದಲ್ಲಿ ಅವರದ್ದೂ ಒಂದು ಕ್ಲಚ್. ನಾನು ಓಡಿಸಿದ್ದೋ ಅವರು ಓಡಿಸಿದ್ದೋ ಗೊತ್ತಿಲ್ಲ. ಏಪ್ರಿಲ್‌ನಲ್ಲಿ ಡಿಎಲ್ ಟೆಸ್ಟಿಗೆ ಹೋಗಿ ರಿವರ್ಸ್‌ನಲ್ಲಿ ಫೇಲಾದೆ. ಬೇಸಿಗೆ ಪೂರಾ ಪಕ್ಕದ ಮನೆ ಅಣ್ಣನನ್ನು ಕೂರಿಸಿಕೊಂಡು, ಎಲ್ ಬೋರ್ಡ್ ಹಾಕಿಕೊಂಡು ತೀರ್ಥಹಳ್ಳಿಗೆ ಹೋಗಿ ಬಂದೆ. ಒಣ ನೆಲದಲ್ಲಿ ನಮ್ಮ ಏರು ಫಸ್ಟ್ ಗೇರಿನಲ್ಲಿ ಸಲೀಸು.

ಜೂನ್ ಬಂತು. ಎರಡನೇ ಮಳೆಗೇ ಚಕ್ರ ತಿರುಗಿತು, ಗಾಡಿ ನಿಂತಿತು. ಹತ್ತು ಮಾರು ಹತ್ತುವುದು, ಅಲ್ಲೇ ಗಿರ್ರನೆ ತಿರುಗುವುದು, ಹಿಂದಕ್ಕೆ ಜಾರುವುದು. ಓಡಿಬಂದು ಹೊಡೆದೆ. ಹದಿನೈದು ಮಾರಿಗೆ ಹೋಗಿ ದರೆಗೆ ಬಡಿಯಿತು, ಇಂಡಿಕೇಟರ್ ಪುಡಿ. ಹಾಫ್ ಕ್ಲಚ್ ಹಿಡಿದು ನಿಧಾನ ಹತ್ತಿಸಲು ಹೋದೆ. ನಾಲ್ಕನೇ ದಿನ ಸುಟ್ಟ ವಾಸನೆ. ಕ್ಲಚ್ ಪ್ಲೇಟು ಕರಕಲು. ಐದೂವರೆ ಸಾವಿರ ಹೋದದ್ದು ಹೀಗೆ.

ಆಮೇಲೆ ನೆಲಕ್ಕೆ ಏನೇನೋ ಹಾಕಿದೆ. ಅಡಿಕೆ ಹಾಳೆ ಹಾಸಿದೆ. ಅದು ಮಕ್ಕಳು ಕೂತು ಎಳೆಸಿಕೊಳ್ಳುವ ಸಾಮಾನು ಅನ್ನುವುದು ನೆನಪಾಗಬೇಕಿತ್ತು, ಗಾಡಿ ಇನ್ನೂ ಜೋರಾಗಿ ಜಾರಿತು. ಅಡಿಕೆ ಸಿಪ್ಪೆ ಸುರಿದೆ. ನಾಲ್ಕು ದಿನ ಭರ್ಜರಿ, ಐದನೇ ದಿನ ಕೊಳೆತು ಗೊಜ್ಜು. ಜಂಬಿಟ್ಟಿಗೆ ಚೂರು ಒಂದು ಲೋಡ್ ಹಾಕಿಸಿದೆ, ಆರಿದ್ರಾ ಮಳೆಗೆ ಅರ್ಧ ತೋಟಕ್ಕೆ ಹೋಯಿತು. ಟೈರಿನ ಗಾಳಿ 20ಕ್ಕೆ ಇಳಿಸಿದೆ. ಸ್ವಲ್ಪ ಉಪಯೋಗ ಆಯಿತು, ಸುಳ್ಳು ಯಾಕೆ. ದಿನಾ ಗಾಳಿ ಇಳಿಸಿ ದಿನಾ ತುಂಬಿಸುವುದು ಯಾರು?

ಭಾರ ಹಾಕು, ಚಕ್ರ ಕಚ್ಚುತ್ತದೆ ಅಂದರು. ಡಿಕ್ಕಿಗೆ ಎರಡು ಚೀಲ ಮರಳು ಹಾಕಿದೆ. ಮೊದಲು ಹತ್ತು ಮಾರಾದರೂ ಹತ್ತುತ್ತಿದ್ದದ್ದು ಆರಕ್ಕೆ ಇಳಿಯಿತು. ಆಗ ತಲೆಗೆ ಹೋಗಲಿಲ್ಲ. ಒಂದು ಭಾನುವಾರ ಭಾವ ಬಂದಿದ್ದ. ತಮಾಷೆಗೆ ಅವನನ್ನೇ ಬಾನೆಟ್ ಮೇಲೆ ಕೂರಿಸಿದೆ. ಅವನು ಎಂಬತ್ತೈದು ಕೆಜಿ. ಮೂರು ಮಾರು ಜಾಸ್ತಿ ಹತ್ತಿತು! ಬಾನೆಟ್ ಸ್ವಲ್ಪ ತಗ್ಗಿತು, ಈಗಲೂ ತಗ್ಗೇ ಇದೆ. ಯಾರೂ ಹಾಗೆ ಮಾಡಬೇಡಿ, ಜಾರಿದರೆ ಮನುಷ್ಯ ಚಕ್ರದ ಕೆಳಗೆ ಬೀಳುತ್ತಾನೆ. ಆದರೆ ನನಗೆ ಸುಳಿವು ಸಿಕ್ಕಿದ್ದು ಅಲ್ಲೇ.

ಪುನರ್ವಸು ಮಳೆ. ಸಂಜೆ ಹೊತ್ತು. ಹತ್ತಲಿಲ್ಲ ಅಂತ ಕಾರನ್ನು ಪಕ್ಕದ ಮನೆಯ ಕೊಟ್ಟಿಗೆ ಹತ್ತಿರ ನಿಲ್ಲಿಸಲು ತಿರುಗಿಸುತ್ತಿದ್ದೆ. ತಿರುಗಿಸಲು ಜಾಗ ಸಾಲದೆ ಹಿಂದಿನಿಂದ ಏರಿಗೆ ಎರಡು ಮಾರು ತಳ್ಳಿದೆ. ಚಕ್ರ ಜಾರಲೇ ಇಲ್ಲ. ಇನ್ನೆರಡು ಮಾರು. ಇನ್ನೂ ಐದು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೈಯೆಲ್ಲ ನೆನೆದು, ಹಾಗೇ ಬಿಟ್ಟೆ. ನಿಂತದ್ದು ಅಂಗಳದ ತುಳಸಿ ಕಟ್ಟೆ ಹತ್ತಿರ. ಅಮ್ಮ ಹೊರಗೆ ಬಂದು, "ಇದೆಂತದಾ, ಕಾರು ಬೆನ್ನು ಹಾಕಿ ಬರ್ತಿದೆ?" ಅಂದರು.

ಸಂಗತಿ ಇಷ್ಟೇ. 800ರಲ್ಲಿ ಎಂಜಿನ್ ಮುಂದೆ, ಎಳೆಯುವ ಚಕ್ರವೂ ಮುಂದಿನದ್ದೇ. ಮುಖ ಮೇಲೆ ಮಾಡಿ ಹತ್ತಿದರೆ ಭಾರ ಹಿಂದಕ್ಕೆ ಕೂರುತ್ತದೆ, ಮುಂದಿನ ಚಕ್ರ ಹಗುರ. ಮುಖ ಕೆಳಗೆ ಮಾಡಿದರೆ ಭಾರವೆಲ್ಲ ಎಳೆಯುವ ಚಕ್ರದ ಮೇಲೆ. ಮರುದಿನ ಗ್ಯಾರೇಜಿನಲ್ಲಿ ಹೇಳಿದರೆ ನಕ್ಕರು. "ಗೌಡ್ರು ಗಾಡಿನ ಏಡಿ ಮಾಡಿದ್ರು" ಅಂತ ಊರಿಗೆಲ್ಲ ಸುದ್ದಿ. ನಗಲಿ. ಮೂರು ದಿನ ಬಿಟ್ಟು ಮೇಸ್ತ್ರಿಯೇ ಕೊಡೆ ಹಿಡಕೊಂಡು ನೋಡಲು ಬಂದರು. ನೋಡಿ ಏನೂ ಹೇಳಲಿಲ್ಲ, ಕಾಫಿ ಕುಡಿದು ಹೋದರು.

ಇದರಲ್ಲೂ ತಪ್ಪುಗಳಿವೆ. ಓಮ್ನಿ, ಜೀಪು, ಬೊಲೆರೊಗೆ ಇದು ಆಗುವುದಿಲ್ಲ. ಅವಕ್ಕೆ ಎಳೆಯುವುದು ಹಿಂದಿನ ಚಕ್ರ. ನನ್ನನ್ನು ನೋಡಿ ಪಕ್ಕದೂರಿನವರೊಬ್ಬರು ಓಮ್ನಿಯನ್ನು ರಿವರ್ಸ್ ಹತ್ತಿಸಲು ಹೋಗಿ ಅಗಳಿಗೆ ಇಳಿಸಿದರು. ಎತ್ತಲು ಆರು ಜನ ಬೇಕಾಯಿತು. ಹತ್ತುವಾಗ ಮಧ್ಯದಲ್ಲಿ ಕ್ಲಚ್ ತುಳಿಯಬಾರದು, ನಿಲ್ಲಲೂಬಾರದು. ಸ್ಟೇರಿಂಗ್ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಿದರೆ ಮೂತಿ ಅಗಳಿನ ಕಡೆ ಎಳೆಯುತ್ತದೆ. ಮೊದಲು ಒಬ್ಬರು ಮೇಲೆ ನಿಂತು ನಾಯಿ, ಕರು, ಮಕ್ಕಳನ್ನು ಆಚೆ ಮಾಡಬೇಕು. ಎಲ್ಲಿ ತಿರುಗಿಸಿ ಯಾವ ಚಕ್ರವನ್ನು ನೆಲದ ಯಾವ ಗೀರಿಗೆ ಇಳಿಸಿ ಹೊರಡಬೇಕು ಅನ್ನುವುದು ಪ್ರತಿ ಏರಿಗೂ ಬೇರೆ. ನಮ್ಮ ಏರಿನದ್ದು ನನಗೆ ಗೊತ್ತು, ಅದನ್ನು ಬರೆದು ತೋರಿಸಲು ಬರುವುದಿಲ್ಲ. ಬರೆಯುವ ಮನಸ್ಸೂ ಇಲ್ಲ ಅನ್ನಿ.

ಒಂದು ಲಾಭ ಸುಮ್ನೆ ಸಿಕ್ಕಿತು. ಎಲ್‌ಎಲ್‌ಗೆ ಆರು ತಿಂಗಳ ಅವಧಿ, ಆಗಸ್ಟಿಗೆ ಮುಗಿಯುತ್ತಿತ್ತು. ಆ ತಿಂಗಳ ಮೊದಲ ವಾರ ಮತ್ತೆ ಟೆಸ್ಟಿಗೆ ಹೋದೆ. ಮೂರು ವಾರ ದಿನಾ ಕೆಸರಿನಲ್ಲಿ ನಲವತ್ತು ಮಾರು ಹಿಂದಕ್ಕೆ ಹತ್ತಿದವನಿಗೆ ಸಪಾಟು ನೆಲದ ರಿವರ್ಸ್ ಯಾವ ಲೆಕ್ಕ? ಪಾಸು.

ಆಗುಂಬೆ ಘಾಟಿ ಇಳಿದದ್ದು ಡಿಸೆಂಬರಿನಲ್ಲಿ, ಹೆಬ್ರಿಯ ಮದುವೆಗೆ. 14 ತಿರುವು, ಪೂರಾ ಸೆಕೆಂಡ್ ಗೇರ್, ಬ್ರೇಕಿಗೆ ಆಗಾಗ ಕಾಲು ಮುಟ್ಟಿಸಿದ್ದಷ್ಟೇ. ಬರುವಾಗ ತಿರುವಿನಲ್ಲೆಲ್ಲ ಫಸ್ಟ್ ಗೇರ್. ರಿವರ್ಸ್ ಬೇಕಾಗಲಿಲ್ಲ. ಮೈಲೇಜು ನಮ್ಮ ರಸ್ತೆಯಲ್ಲಿ 15, 16. ಶಿವಮೊಗ್ಗ ಕಡೆ ಹೋದರೆ 18ರ ತನಕ. 2024ರಲ್ಲಿ ಮತ್ತೆ ಎಫ್‌ಸಿ ಮಾಡಿಸಿದೆ. ಸರ್ಕಾರದ ಫೀಸೇ 5,000, ಅದಕ್ಕೆ ಮೊದಲು ಬ್ರೇಕು, ಲೈಟು ಅಂತ ಇನ್ನೊಂದು ನಾಲ್ಕು ಸಾವಿರ. 2029ರವರೆಗೆ ತಲೆಬಿಸಿ ಇಲ್ಲ.

ಭಾವ ಲೋನ್ ಹಾಕಿ ಹೊಸ ಕಾರು ತಗೊಂಡ. ಅದೂ ಮುಂದಿನ ಚಕ್ರ ಎಳೆಯುವ ಗಾಡಿಯೇ. ಹೋದ ಆಷಾಢದಲ್ಲಿ ಅಕ್ಕನನ್ನು ಬಿಡಲು ಬಂದವನು ರಾತ್ರಿ ಎಂಟಕ್ಕೆ ಏರಿನ ಬುಡದಿಂದ ಫೋನ್ ಮಾಡಿದ. ಟಾರ್ಚ್ ಹಿಡಕೊಂಡು ಇಳಿದೆ. ಕ್ಲಚ್ ವಾಸನೆ ತೋಟದ ತನಕ ಬರುತ್ತಿತ್ತು. ಕೀಲಿ ಕೊಟ್ಟು ಪಕ್ಕಕ್ಕೆ ನಿಂತ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳುತ್ತಾ. ಗಾಡಿ ತಿರುಗಿಸಿ ರಿವರ್ಸ್ ಹಾಕಿದೆ. "ಹಿಂದೆ ಕ್ಯಾಮೆರಾ ಇದೆ, ಸ್ಕ್ರೀನ್ ನೋಡ್ಕೊಂಡು ಬಿಡು" ಅಂದ. ಕ್ಯಾಮೆರಾಕ್ಕೆ ಪೂರಾ ಕೆಸರು ಮೆತ್ತಿತ್ತು. ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿದೆ.